ಬಟರ್‌ಕಪ್ ಗಡ್ಡೆಯ ಕಾಲು ಯಾವ ಕಡೆ

ಬೆಳಿಗ್ಗೆ ಎರಡು ಬಕೆಟ್ ಬಟ್ಟೆ ಒಣಹಾಕಿದೆ, ಗ್ರೈಂಡರ್ ತೊಳೆದೆ, ಗ್ಯಾಸ್ ಸಿಲಿಂಡರ್ ಬದಲಿಸಿದೆ, ನೆನೆಹಾಕಿದ್ದ ಬಟರ್‌ಕಪ್ ಗಡ್ಡೆಗಳ ನೀರು ಬಸಿದೆ. ಆರೇ ಗಡ್ಡೆ. ನೀವು ನೋಡಿರದಿದ್ದರೆ ಹೇಳುತ್ತೇನೆ: ಒಣಗಿದ ಕೋಳಿಕಾಲಿನಂತಿರುತ್ತವೆ, ಹೆಬ್ಬೆರಳ ತುದಿಯಷ್ಟು. ಇವುಗಳಿಂದ ಶಿವರಾತ್ರಿ ಹೊತ್ತಿಗೆ ಪದರಪದರದ ಹಳದಿ ಹೂವು ಬರುತ್ತದೆಂದರೆ ನಂಬುವುದು ಕಷ್ಟ.

ನಾನು ಆ ಹೂವನ್ನು ಒಮ್ಮೆ ಕಣ್ಣಾರೆ ನೋಡಿದ್ದೆ. ನಾಲ್ಕು ವರ್ಷದ ಹಿಂದೆ ಯಲಹಂಕದ ನರ್ಸರಿಯೊಂದರಿಂದ ಹೂಬಿಟ್ಟ ಕುಂಡವನ್ನೇ ತಂದಿದ್ದೆ. ನಮ್ಮ ಯಜಮಾನರ ತಾಯಿ, ಅಂದರೆ ನನ್ನ ಅತ್ತೆ, ಅದಕ್ಕೆ ಬೆಣ್ಣೆಹೂವು ಎಂದು ಹೆಸರಿಟ್ಟು, ಅಟ್ಟೂರಿನ ನಮ್ಮ ಬೀದಿಯವರನ್ನೆಲ್ಲ ಮಹಡಿಗೆ ಕರೆತಂದು ತೋರಿಸಿದ್ದರು. ಬೇಸಿಗೆಗೆ ಎಲೆ ಒಣಗಿ ಬಿದ್ದಿತು. ಮಣ್ಣೊಳಗೆ ಗಡ್ಡೆ ಮಲಗಿರುತ್ತದೆ, ಮಳೆಗಾಲ ಮುಗಿಯುವವರೆಗೆ ನೀರು ಕೂಡದು ಎಂದು ನರ್ಸರಿಯವರು ಹೇಳಿದ್ದರಿಂದ ಕುಂಡವನ್ನು ಮೆಟ್ಟಿಲ ಕೆಳಗೆ ಇಟ್ಟೆ. ಅತ್ತೆಯದೋ, ಇಲ್ಲೇ ಯಲಹಂಕದ ಪಕ್ಕದ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗಿನ ತವರಿನ ಅಭ್ಯಾಸ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ದಿನವೂ ಗಿಡಗಳಿಗೆ ಹಂಚುತ್ತಿದ್ದರು. ಯಾವ ಕುಂಡಕ್ಕೂ ಪಂಕ್ತಿಭೇದವಿಲ್ಲ.

"ಇದಕ್ಕೆ ಬೇಡ ಅತ್ತೆ" ಎಂದರೆ, "ಬ್ಯಾಸ್ಗೇಲಿ ಉಪವಾಸ ಕೆಡವ್ತೀಯಲ್ಲೇ, ಅದೇನ್ ಪಾಪ ಮಾಡಿತ್ತು?" ಎನ್ನುತ್ತಿದ್ದರು.

ಕಾರ್ತಿಕದಲ್ಲಿ ಅಗೆದು ನೋಡಿದರೆ ಗಡ್ಡೆಯೆಲ್ಲ ಲೋಳೆ. "ನಿಮ್ ಕೈಯಿಂದಾನೇ ಕೊಳೀತು" ಎಂದುಬಿಟ್ಟೆ. ಇಪ್ಪತ್ತೈದು ವರ್ಷದ ಸೊಸೆತನದಲ್ಲಿ ನಾನು ಒಗ್ಗರಣೆ ಸೀಯಿಸಿದ್ದೇನೆ, ಹಾಲು ಉಕ್ಕಿಸಿದ್ದೇನೆ. ಅವರು ಒಂದು ಸಲವೂ ನನ್ನ ಕೈಗುಣವನ್ನು ಆಡಿಕೊಂಡವರಲ್ಲ. ಮರುದಿನದಿಂದ ಅವರು ಯಾವ ಕುಂಡವನ್ನೂ ಮುಟ್ಟಲಿಲ್ಲ. ಅಕ್ಕಿ ನೀರು ಸಿಂಕಿಗೆ ಹೋಗುವ ಸದ್ದನ್ನು ಮೂರು ವರ್ಷ ಕೇಳಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದಾಗಲೆಲ್ಲ ಕೊತ್ತಂಬರಿ ಸೊಪ್ಪು ಮುಗಿದ ವಿಷಯ ಹೊರಬರುತ್ತಿತ್ತು.

ಇವತ್ತು, ನರ್ಸರಿಯಿಂದ ಹೊಸದಾಗಿ ತಂದ ಗಡ್ಡೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅವರ ಮುಂದೆ ಕುಳಿತೆ. "ಅತ್ತೆ, ಇದ್ರಲ್ಲಿ ಯಾವ ಕಡೆ ಮೇಲೆ?" ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ನನ್ ಕೈ ಮುಟ್ಟಿದ್ರೆ ಕೊಳೆಯುತ್ತಲ್ಲಮ್ಮ."

"ಆ ಮಾತು ಆಡ್ಬಾರ್ದಾಗಿತ್ತು ಅತ್ತೆ. ತಪ್ಪಾಯ್ತು."

ಅವರು ಒಂದು ಗಡ್ಡೆ ತೆಗೆದುಕೊಂಡು ಬೆರಳಲ್ಲಿ ತಡವಿದರು. "ಕಾಲು ಕೆಳಕ್ಕೆ ಕಣೇ. ಕೋಳೀನ ಬೆನ್ ಮೇಲೆ ನಿಲ್ಲಿಸ್ತಾರಾ?"

ಮಹಡಿ ಹತ್ತಿ ಆರನ್ನೂ ಅವರೇ ಊರಿದರು. ಚೊಂಬಿನಿಂದ ನೀರು ಹಾಕುತ್ತ "ಸಾಕಾ?" ಎಂದರು. ಬೇಕಾದ್ದಕ್ಕಿಂತ ಹೆಚ್ಚೇ ಆಗಿತ್ತು. "ನೀವೇ ನೋಡಿ ಅತ್ತೆ" ಎಂದೆ. ಇನ್ನಷ್ಟು ಸುರಿದರು. ಕೊಳೆತರೆ ಕೊಳೆಯಲಿ, ನರ್ಸರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಮಧ್ಯಾಹ್ನಕ್ಕೆ ಮುದ್ದೆ, ಅವರೆಕಾಳು ಸಾರು. "ಉಪ್ಪು ಕಮ್ಮಿ" ಎಂದು ಗೊಣಗಿ, ಅತ್ತೆ ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಇವತ್ತು ಅವರಿಗಿಂತ ಮೊದಲು ನಿದ್ದೆ ಹೋದವಳು ನಾನು.