ಅಲೀಮಮ್ಮನ ಹಿತ್ತಾಳೆ ಗುಂಡಿ

ಸೌದಿಯ ಜುಬೈಲ್‌ನ ನಮ್ಮ ಕಟ್ಟಡದಲ್ಲಿ ಅಲೀಮಮ್ಮ ಎಲ್ಲರಿಗೂ ಮಾಮಿ. ಕೆಳಗಿನ ಮನೆಯ ನಬೀಹಾ ತನ್ನ ಅತ್ತೆಯನ್ನು ಹಾಗೆ ಕರೆಯುತ್ತಿದ್ದಳು. ಕೇಳಿ ಕೇಳಿ ನಮ್ಮ ಬಾಯಿಗೂ ಅದೇ ಬಂತು. ಗಂಗೊಳ್ಳಿಯವರು. ಎಂಬತ್ತು ದಾಟಿದ ಜೀವ. ಮಗ ಮುನವ್ವರ್ ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದ. ಬಂದ ವಾರದಲ್ಲೇ ಎಲ್ಲರ ಅಡುಗೆಮನೆಗೂ ಇಣುಕಿ, ಎದುರುಮನೆಯ ಪಾಕಿಸ್ತಾನಿ ಹೆಂಗಸಿಗೆ ಬರೀ ಕೈಸನ್ನೆಯಲ್ಲಿ ಬಂಗುಡೆ ಸಾರು ಕಲಿಸಿಬಿಟ್ಟಿದ್ದರು.

ಶುಕ್ರವಾರ ಅಸರ್ ನಮಾಝ್ ಮುಗಿಸಿ ನಾವು ಕೆಲವು ಹೆಂಗಸರು ನನ್ನ ಮನೆಯಲ್ಲಿ ಕುರ್‌ಆನಿನ ಯಾಸೀನ್ ಅಧ್ಯಾಯ ಓದುತ್ತೇವೆ. ಕೊನೆಯಲ್ಲಿ ಒಬ್ಬೊಬ್ಬರೂ ತಮ್ಮ ಕಡೆಯ ತೀರಿಹೋದವರ ಹೆಸರು ಹೇಳುವುದು, ಎಲ್ಲರೂ ಸೇರಿ ದುಆ ಮಾಡುವುದು ರೂಢಿ. ಮಾಮಿ ಗಂಡನ ಹೆಸರು, ಬಾಣಂತಿಯಾಗಿದ್ದಾಗ ಹೋದ ಮಗಳ ಹೆಸರು ಹೇಳುತ್ತಿದ್ದರು, ಹೆತ್ತವರ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಒಂದು ದಿನ ಕೇಳಿದೆ.

"ಉಮ್ಮ, ಬಾಪನ ಹೆಸರು ಹೇಳುವುದಿಲ್ಲವಾ ಮಾಮಿ?"

ಅವರು ತಲೆವಸ್ತ್ರದ ತುದಿಯ ಗಂಟು ಬಿಚ್ಚಿದರು. ಒಳಗೆ ಒಂದು ಹಿತ್ತಾಳೆ ಗುಂಡಿ, ಟೊಪ್ಪಿಗೆ ಚುಚ್ಚುವಂಥ ಒಂದು ಹಿತ್ತಾಳೆ ಬಿಲ್ಲೆ. ಎರಡೂ ಫಳಫಳ ಹೊಳೆಯುತ್ತಿದ್ದವು.

"ಇದು ನನ್ನ ಬಾಪ. ಹಸನ್ ಕುಂಞಿ," ಎಂದರು. "ನಾನು ನೋಡಿದ್ದು ಇಷ್ಟೇ."

ಅವರು ತೊಟ್ಟಿಲಲ್ಲಿದ್ದಾಗ ದೊಡ್ಡ ಯುದ್ಧ ನಡೆಯುತ್ತಿತ್ತು. ಹಸನ್ ಕುಂಞಿ ಬಲೆ ಬೀಸುವವನು, ದೋಣಿ ನಡೆಸುವುದರಲ್ಲಿ ಗಟ್ಟಿಗ. ಒಂದು ದಿನ ಮುಂಬಯಿಗೆ ಹೋದವನು ಅಲ್ಲಿಂದ ಹಡಗು ಹತ್ತಿ ಈ ಗಲ್ಫಿನ ಕಡೆಗೇ ಬಂದ. ಯುದ್ಧ ಮುಗಿದ ಮೇಲೆ ಬೈಂದೂರು ಕಡೆಯವನೊಬ್ಬ ಒಂದು ಕೋಟು, ಒಂದು ಟೊಪ್ಪಿ ತಂದು ಜಗುಲಿಯಲ್ಲಿಟ್ಟ. ಬಟ್ಟೆ ಹರಿದುಹೋಗಿ ಈಗ ಉಳಿದದ್ದು ಅವುಗಳ ಈ ಗುಂಡಿ, ಬಿಲ್ಲೆ ಮಾತ್ರ. ಇರಾಕಿನ ಬಸ್ರಾದಲ್ಲಿ ಕೋಟು, ಟೊಪ್ಪಿ ತನ್ನ ಕೈಗೆ ಸಿಕ್ಕವು, ಆಳು ಏನಾದ ಎಂದು ಗೊತ್ತಿಲ್ಲ ಎಂದ. ಊರಲ್ಲಿ ಎರಡು ಮಾತು ಹುಟ್ಟಿತು. ಸರಕಾರ ಮೀನುಗಾರರನ್ನು ನೌಕಾಪಡೆಯ ಮೀಸಲು ದಳಕ್ಕೆ ಸೇರಿಸಿಕೊಂಡಿತ್ತು, ಇವನು ಅದರಲ್ಲಿದ್ದು ಸಮುದ್ರಪಾಲಾದ ಎಂದು ಕೆಲವರು. ಯಾವುದೋ ಕಂಪನಿಯ ಸರಕು ಹಡಗಿನಲ್ಲಿದ್ದ, ಬಸ್ರಾದಲ್ಲಿ ಇಳಿದು ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಉಳಿದವರು. ಎರಡನೆಯದೇ ಹೆಚ್ಚು ರುಚಿಯ ಮಾತು.

"ಬಾವಿಕಟ್ಟೆಯಲ್ಲಿ ಉಮ್ಮನಿಗೆ ಹೇಳುತ್ತಿದ್ದರು, ಜಮೀಲಾ, ಬಸ್ರಾದ ಸವತಿ ಖರ್ಜೂರ ಕಳಿಸಿದಳಾ ಅಂತ. ಉಮ್ಮ ಕೊಡ ತುಂಬಿಸಿಕೊಂಡು ಬರುತ್ತಿದ್ದಳು, ಅಷ್ಟೇ."

ಜಮೀಲಮ್ಮ ಸಾಯುವಾಗ ಒಬ್ಬಳೇ ಮಗಳಿಗೆ ಕೊನೆಯ ಮಾತಾಗಿ ಒಂದು ವಸಿಯ್ಯತ್ ಹೇಳಿಹೋದಳು: "ಅವರು ನೀರಲ್ಲಿ ಹೋದದ್ದಾದರೆ ಮಕ್ಕಾಕ್ಕೆ ಹೋಗಿ ಮೊದಲು ಅವರ ಹೆಸರಲ್ಲಿ ಉಮ್ರಾ ಮಾಡು, ಆಮೇಲೆ ನನ್ನ ಹೆಸರಲ್ಲಿ. ನನ್ನನ್ನು ಬಿಟ್ಟು ಹೋದದ್ದಾದರೆ ಅವರ ಹೆಸರಲ್ಲಿ ಒಂದು ಫಾತಿಹಾ ಓದುವುದೂ ಬೇಡ."

ಹಾಗಾಗಿ ಮಾಮಿ ಇಷ್ಟು ವರ್ಷ ಇಬ್ಬರ ಹೆಸರನ್ನೂ ಎತ್ತಿರಲಿಲ್ಲ. ಉಮ್ಮನ ಹೆಸರು ಮೊದಲು ಹೇಳಿದರೆ ಬಾಪ ತಪ್ಪು ಮಾಡಿದ ಎಂದಾಯಿತು. ಬಾಪನ ಹೆಸರು ಹೇಳಿದರೆ, ಅವನು ತಪ್ಪು ಮಾಡಿದ್ದರೆ, ಉಮ್ಮನಿಗೆ ದ್ರೋಹ. ಈಗ ವೀಸಾ ಮುಗಿಯುತ್ತ ಬಂದಿತ್ತು. ಗುರುವಾರದ ಬಸ್ಸಿನಲ್ಲಿ ಮಕ್ಕಾಕ್ಕೆ ಹೋಗುವುದೆಂದು ಮುನವ್ವರ್ ಸೀಟು ಮಾಡಿಸಿದ್ದ. ತಮ್ಮ ಸ್ವಂತ ಉಮ್ರಾ ಅವರು ಬಂದ ಹೊಸದರಲ್ಲೇ ಮುಗಿಸಿದ್ದರು. ಇದಾದ ಮೇಲೆ ಇನ್ನೊಮ್ಮೆ ಮಾಡಲು ಮಂಡಿ ಬಿಡುವಂತಿರಲಿಲ್ಲ. ಒಂದು ಉಮ್ರಾ ಒಬ್ಬರ ಹೆಸರಿಗೆ ಮಾತ್ರ.

"ಯಾರ ಹೆಸರಲ್ಲಿ ಮಾಡಲಿ, ಹೇಳು," ಎಂದರು. ನಾನು ಗುಂಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ.

ಆಗ ನೆನಪಾದದ್ದು ಲತೇಶ್. ಮಲ್ಪೆಯ ಮೊಗವೀರರ ಹುಡುಗ, ಅಬ್ಕೈಕ್‌ನ ತೈಲ ಘಟಕದಲ್ಲಿ ಟೆಕ್ನೀಶಿಯನ್. ಹೆಂಡತಿ ವಸಂತಿ ನನಗೆ ಪರಿಚಯ. ಹಳೆಯ ಸಮವಸ್ತ್ರದ ಗುಂಡಿ, ಬಿಲ್ಲೆಗಳನ್ನು ಕೂಡಿಡುವ ಹುಚ್ಚು ಅವನಿಗೆ. ರಜಾ ದಿನ ಹಳೆ ಸಾಮಾನಿನ ಸಂತೆಯಲ್ಲೇ ಇರುತ್ತಾನೆ ಎಂದು ವಸಂತಿ ಬೈಯುವುದನ್ನು ಕೇಳಿದ್ದೆ. ಫೋನ್ ಮಾಡಿದೆ. ಬುಧವಾರ ಸಂಜೆ ಇಬ್ಬರೂ ಬಂದರು.

ಮಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮೊಗವೀರರ ಮಗ ಗುಂಡಿ ಹೆಕ್ಕುದಾ? ಮೀನು ಮುಗಿಯಿತಾ ಮಲ್ಪೆಯಲ್ಲಿ?"

"ಮುಗಿದ ಹಾಗೆಯೇ ಅಜ್ಜಿ," ಅವನು ನಕ್ಕ. "ಗುಂಡಿಯಾದರೆ ಐಸು ಬೇಡ, ನಾರುದಿಲ್ಲ."

"ನಾರುದಿಲ್ಲ, ಆದರೆ ಮನೆಯಿಡೀ ಅದೇ," ಎಂದಳು ವಸಂತಿ. "ಮೊನ್ನೆ ಉಪ್ಪಿನಕಾಯಿ ಡಬ್ಬಿಯಲ್ಲೂ ಸಿಕ್ಕಿತು ಮಾರಾಯ್ರೇ."

ಮಾಮಿ ಬಾಯಿತುಂಬ ನಕ್ಕರು. ನಂತರ ಗಂಟು ಬಿಚ್ಚಿ ಎರಡನ್ನೂ ಅವನ ಅಂಗೈಗೆ ಹಾಕಿದರು.

ಲತೇಶ್ ನೋಡುವ ಮೊದಲು ವಿವರಿಸಿದ. ಮೀಸಲು ದಳದ್ದಾದರೆ ಲಂಗರು, ಅದರ ಮೇಲೆ ಕಿರೀಟ ಇರಬೇಕು. ಕೆಳಗೆ ದಳದ ಅಕ್ಷರಗಳೂ ಇರಬಹುದು. ಕಂಪನಿಯದ್ದಾದರೆ ಸಾಮಾನ್ಯವಾಗಿ ಆ ಕಂಪನಿಯ ಬಾವುಟ. ಹಿಂಬದಿಯಲ್ಲಿ ಮಾಡಿದವರ ಹೆಸರು. "ಒಂದು ಗುರುತು ಸಿಕ್ಕಿದರೂ ಸಾಕು ಅಜ್ಜಿ."

ಭೂತಗನ್ನಡಿ ಹಿಡಿದ. ಕಿಟಕಿಯ ಹತ್ತಿರ ಹೋದ. ಗುಂಡಿಯನ್ನು ಓರೆಯಾಗಿ ಹಿಡಿದು ಬೆಳಕು ಜಾರಿಸಿದ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದ. ಕಾಗದದ ಮೇಲೆ ಬರೀ ಕಪ್ಪು ವೃತ್ತ ಬಂತು, ನಡುವೆ ನೆಟ್ಟಗೆ ಒಂದು ಗೆರೆ. ಹಿಂಬದಿಯೂ ನುಣ್ಣಗೆ. ಬಿಲ್ಲೆಯಂತೂ ತಗಡಿನಂತೆ ತೆಳ್ಳಗಾಗಿ, ಚಿತ್ರ ಇರಬೇಕಾದ ಕಡೆ ತೂತು ಬಿದ್ದಿತ್ತು.

"ಅಜ್ಜಿ, ಇದನ್ನು ಎಂತದರಲ್ಲಿ ತೊಳೆಯುದು?"

ಮಾಮಿಯ ಮುಖ ಅರಳಿತು. "ಹುಣಸೆಹುಳಿ, ಬೂದಿ. ಬರಾಅತ್ ರಾತ್ರಿ‌ಗೆ ಮೊದಲು ಮನೆಯ ಹಿತ್ತಾಳೆ ಎಲ್ಲ ಇಳಿಸಿ ಬೆಳಗುತ್ತೇವಲ್ಲ, ಇದೂ ಅದರ ಒಟ್ಟಿಗೆ. ಎರಡು ಪೆರ್ನಾಳ್ ಹಬ್ಬಕ್ಕೂ ಉಂಟು. ಮೊದಲು ಉಮ್ಮ ಉಜ್ಜುತ್ತಿದ್ದಳು, ಅವಳು ಹೋದ ಮೇಲೆ ನಾನು. ಒಂದು ವರ್ಷವೂ ತಪ್ಪಿಸಲಿಲ್ಲ. ಬಾಪ ಬಂದರೆ ಕಪ್ಪಾಗಿ ಇರಬಾರದಲ್ಲ."

ಲತೇಶ್ ಭೂತಗನ್ನಡಿ ಕೆಳಗಿಟ್ಟ. ವಸಂತಿ ನೆಲ ನೋಡಿದಳು. ಮಾಮಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ನಾನೇ ಉಜ್ಜಿ ಹಾಕಿದೆನಾ ಮಗಾ?"

"ಹಾಗಲ್ಲ ಅಜ್ಜಿ... ಈ ಗೆರೆ ಮಾತ್ರ ಉಳಿದದ್ದು. ಲಂಗರಿನ ಕಂಬವೂ ಆಗಬಹುದು. ಬಾವುಟದ ಕಂಬವೂ ಆಗಬಹುದು."

ಅತ್ತೆಯ ಬೆನ್ನ ಹಿಂದೆ ನಿಂತಿದ್ದ ನಬೀಹಾ ಅವನಿಗೆ ಸನ್ನೆ ಮಾಡಿದಳು: ಲಂಗರು ಅಂತ ಹೇಳಿಬಿಡು. ನನಗೂ ಅದೇ ಆಸೆಯಿತ್ತು, ಅಲ್ಲಾಹು ಮನ್ನಿಸಲಿ. ಅವನು ಬಾಯಿ ತೆರೆದ. ಮಾಮಿ ಕೈ ಅಡ್ಡ ಹಿಡಿದರು.

"ಅವಳು ಹಿಂದಿನಿಂದ ಎಂತ ಹೇಳಿಕೊಡುತ್ತಾಳೆ ಅಂತ ನನಗೆ ಗೊತ್ತುಂಟು. ಸುಳ್ಳು ಹೇಳಬೇಡ. ನಾನು ಕಅಬಾದ ಎದುರು ಹೆಸರು ಹಿಡಿಯಬೇಕು."

"ನನಗೆ ಗೊತ್ತಿಲ್ಲ ಅಜ್ಜಿ," ಎಂದ ಲತೇಶ್. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಫೋನಿನಲ್ಲಿ ಹುಡುಕಿದ. ಹಸನ್‌ಗಳು ಹಲವರಿದ್ದರು, ಗಂಗೊಳ್ಳಿ ಎಲ್ಲೂ ಇರಲಿಲ್ಲ. ಮಾಮಿ ಗುಂಡಿಯನ್ನು ತೆಗೆದುಕೊಂಡು ತಲೆವಸ್ತ್ರದ ತುದಿಯಿಂದ ಒರೆಸಲು ಹೋದರು, ಕೈ ಅರ್ಧದಲ್ಲೇ ನಿಂತಿತು.

ಗುರುವಾರ ಮಧ್ಯಾಹ್ನ ಬಸ್ಸು ಹೊರಟಿತು. ಮುನವ್ವರ್, ನಬೀಹಾರ ಜೊತೆ ಮಾಮಿಗೆ ಕೈಯಾಸರೆಗೆಂದು ನಾನೂ ಹೋದೆ. ದಾರಿಯುದ್ದ ಮರಳು, ಕಂಬ, ಪುನಃ ಮರಳು. ಉಮ್ರಾ ಮಾಡಿಸಲು ಬಸ್ಸಿನಲ್ಲಿ ಬಂದಿದ್ದ ಉಸ್ತಾದರ ಹತ್ತಿರ ಮಾಮಿ ಒಂದೇ ಪ್ರಶ್ನೆ ಕೇಳಿದರು: "ಹೆಸರು ಹೇಳದೆ, ಇವರಿಬ್ಬರಲ್ಲಿ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ ಅಂತ ನಿಯ್ಯತ್ ಮಾಡಬಹುದಾ?"

ಉಸ್ತಾದರು ಒಳ್ಳೆಯ ಮನುಷ್ಯ, ಆದರೆ ತಿಳಿಯದ್ದನ್ನು ತಿಳಿದಂತೆ ಹೇಳುವವರಲ್ಲ. "ಒಬ್ಬರನ್ನು ನಿಶ್ಚಯ ಮಾಡಿಕೊಳ್ಳಿ ಉಮ್ಮಾ. ಅದೇ ಸರಿ," ಎಂದರು.

ಮಕ್ಕಾಕ್ಕೆ ಮೊದಲು ಯಾತ್ರೆಯ ವ್ರತವಾದ ಇಹ್ರಾಮ್ ಕಟ್ಟುವ ಜಾಗ, ಮೀಖಾತ್‌ಗೆ ಮುಟ್ಟಿದಾಗ ಬೆಳಗಾಗಿತ್ತು. ಹೆಂಗಸರ ಕಡೆ ಕೈಕಾಲು ಮುಖ ತೊಳೆಸಿ ವುಝೂ ಮಾಡಿಸಿ, ಕುರ್ಚಿ ಹಾಕಿ ಕೂರಿಸಿದೆವು. ಎರಡು ರಕಅತ್ ನಮಾಝ್ ಕುಳಿತೇ ಮಾಡಿದರು. ಇನ್ನು ನಿಯ್ಯತ್, ಯಾರ ಹೆಸರಲ್ಲಿ ಎಂಬ ಸಂಕಲ್ಪ. ತುಟಿ ಅಲ್ಲಾಡಿತು, ನಿಂತಿತು. ಪುನಃ ಅಲ್ಲಾಡಿತು. ಹೊರಗೆ ಡ್ರೈವರ್ ಹಾರನ್ ಹೊಡೆದು "ಯಲ್ಲಾ, ಯಲ್ಲಾ" ಎಂದು ಕೂಗುತ್ತಿದ್ದ. ಮುನವ್ವರ್ ಬಾಗಿಲಾಚೆಯಿಂದ, "ಉಮ್ಮಾ, ಎಲ್ಲರೂ ಹತ್ತಿ ಆಯಿತು," ಎಂದ.

ನಬೀಹಾ ಅಳುತ್ತಿದ್ದಳು. "ಯಾರದ್ದಾದರೂ ಒಂದು ಹೇಳಿ ಮಾಮಿ."

ಮಾಮಿ ನನ್ನ ಕಡೆ ತಿರುಗಿದರು. ಆ ಕಣ್ಣು ನನ್ನಿಂದ ಒಂದು ಹೆಸರು ಕೇಳುತ್ತಿತ್ತು. ನಾನು ಅವರ ಕೈ ಹಿಡಿದೆ.

ಕೊನೆಗೆ ಅವರು ಕಣ್ಣು ಮುಚ್ಚಿ, ನಮಗೆ ಕೇಳುವ ಹಾಗೆಯೇ ಹೇಳಿದರು. ಉಮ್ಮನ ಹೆಸರಲ್ಲ, ಬಾಪನದೂ ಅಲ್ಲ. ತಮ್ಮ ಪರವಾಗಿಯೇ, ಬಂದಿದ್ದೇನೆ ಎಂಬ ಲಬ್ಬೈಕ್ ಹೇಳಿದರು.

ಬಸ್ಸು ಹತ್ತಿಸುವಾಗ ಅವರ ಮೈ ಹಗುರ ಎನಿಸಿತು, ಮಗುವನ್ನು ಎತ್ತಿದ ಹಾಗೆ. ಸೀಟಿನಲ್ಲಿ ಕುಳಿತವರು ಕಿಟಕಿಯ ಗಾಜಿಗೆ ಹಣೆ ಒತ್ತಿ, ಯಾರಿಗೆಂದಿಲ್ಲದೆ ಹೇಳಿದರು: "ಇಬ್ಬರಿಗೂ ಸಿಗಲಿಲ್ಲ."

ಉಸ್ತಾದರು ಲಬ್ಬೈಕ್ ಎಂಬ ತಲ್ಬಿಯ್ಯ ಪಠಣ ಶುರು ಮಾಡಿದರು. ಬಸ್ಸಿನ ತುಂಬ ದನಿ ಎದ್ದಿತು. ಸ್ವಲ್ಪ ಹೊತ್ತಾದ ಮೇಲೆ ಮಾಮಿಯೂ ದನಿ ಸೇರಿಸಿದರು, ಎಲ್ಲರಿಗಿಂತ ಒಂದು ಮಾತು ಹಿಂದೆ.