ಕಾಮೆಂಟ್ರಿ ಅಣ್ಣನ ಇಸ್ತ್ರಿ ಪೆಟ್ಟಿಗೆ

ಕಾಮೆಂಟ್ರಿ ಅಣ್ಣ ಬಟ್ಟೆ ಸುಟ್ಟದ್ದು ನಿಜ, ಹಾಗಂತ ಅವರಿಗೆ ಕೆಲಸ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಬೀದಿಯ ಇಸ್ತ್ರಿ ಅಣ್ಣ ಇಪ್ಪತ್ತೆರಡು ವರ್ಷದಿಂದ ಅದೇ ಮೂಲೆ ಅಂಗಡಿಯಲ್ಲಿ, ಅದೇ ಮೇಜಿನ ಮುಂದೆ ನಿಂತವರು. ಅವರು ಹಾಕಿದ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದು, ಅಷ್ಟು ಚೂಪು. ತೊಂದರೆ ಇದ್ದದ್ದು ಕಿವಿಯದು. ಯಾರಾದರೂ ಮೇಜಿಗೆ ಮೊಣಕೈ ಊರಿ "ವಿಷಯ ಗೊತ್ತಾಯ್ತಾ?" ಅಂದರೆ ಸಾಕು, ಅಣ್ಣನ ಕೈ ಇದ್ದಲ್ಲೇ ನಿಂತುಬಿಡುತ್ತಿತ್ತು. ಕೈ ನಿಂತರೂ ಪೆಟ್ಟಿಗೆ ತನ್ನ ಪಾಡಿಗೆ ಕಾಯುತ್ತಲೇ ಇರುತ್ತದಲ್ಲ.

ಹೋದ ವರ್ಷ ಒಂದೇ ತಿಂಗಳಲ್ಲಿ ಎರಡು ಬಟ್ಟೆ ಸುಟ್ಟವು. ಮೊದಲನೆಯದು ಬಸ್ ಡ್ರೈವರ್ ಪ್ಯಾಂಟು. ಆಗ ಎದುರಿನ ಕ್ಷೌರದಂಗಡಿಯವರು ತಮ್ಮ ಮಾವ ಬಚ್ಚಲುಮನೆಯಲ್ಲಿ ಸಿಕ್ಕಿಹಾಕಿಕೊಂಡ ಕಥೆ ಹೇಳುತ್ತಿದ್ದರು. ಎರಡನೆಯದು ನರ್ಸಮ್ಮನ ಬಿಳಿ ಕೋಟು. ಆಗ ಅದೇ ಕಥೆಯ ಮುಂದಿನ ಭಾಗ ನಡೆಯುತ್ತಿತ್ತು.

ಅಂಗಡಿಯ ಯಜಮಾನಿಕೆ ಅವರ ಅಕ್ಕನದು. ಪಕ್ಕದ ಮೇಜಿನಲ್ಲಿ ಚಿಕ್ಕ ಪೆಟ್ಟಿಗೆ ಹಿಡಿದು ದಿಂಬಿನ ಚೀಲ, ಟವೆಲ್ಲು ತೀಡುತ್ತಾ ಎಲ್ಲವನ್ನೂ ನೋಡುತ್ತಿರುತ್ತಾರೆ. ಕೋಟು ಸುಟ್ಟ ದಿನ ಅವರು ಬೈಯಲಿಲ್ಲ, ಕೂಗಾಡಲಿಲ್ಲ.

"ನೋಡು ತಮ್ಮಾ, ಎರಡಾಯ್ತು. ಈ ಅಂಗಡೀಲಿ ಮೂರನೇ ಬಟ್ಟೆ ಸುಟ್ರೆ ನಿನ್ನ ಪೆಟ್ಟಿಗೆ ನಾನು ತಗೋತೀನಿ. ನೀನು ಕೂತ್ಕೊಂಡು ಮಡಚ್ತಾ ಇರು."

"ಮಡಚೋದಾ?"

"ಹೂಂ. ಕರ್ಚೀಫಿಂದ ಶುರು ಮಾಡು."

ಇಪ್ಪತ್ತೆರಡು ವರ್ಷ ಪೆಟ್ಟಿಗೆ ಹಿಡಿದ ಕೈಗೆ ಕರ್ಚೀಫು ಕೊಡುವುದೆಂದರೆ ಕುದುರೆ ಸವಾರನ ಕೈಗೆ ಲಾಯದ ಪೊರಕೆ ಕೊಟ್ಟ ಹಾಗೆ. ಅಣ್ಣನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಒಂದು ಉಪಾಯದ ಜೊತೆ ಬಂದರು. ಕೈ ಮಾಡುವುದನ್ನೆಲ್ಲ ಬಾಯಿ ಹೇಳುತ್ತಾ ಹೋಗುವುದು.

"ಬಾಯಿಗೆ ಕೆಲಸ ಕೊಟ್ರೆ ಕಿವಿ ಬೀದಿಗೆ ಹೋಗಲ್ಲ ಕಣಕ್ಕ," ಅಂದರು. "ಕಾಲರ್ ಆಯ್ತು. ತಿರುಗಿಸಿದೆ. ನೀರು ಚಿಮುಕಿಸಿದೆ. ಎಡ ತೋಳು ತಗೊಂಡೆ."

ಹೀಗೆ ದಿನವಿಡೀ. ಬೀದಿಯವರು ಕಾಮೆಂಟ್ರಿ ಅಣ್ಣ ಅಂತ ಹೆಸರಿಟ್ಟದ್ದು ಆಗಲೇ. ಇನ್ನೊಂದು ಕಟ್ಟುಪಾಡೂ ಹಾಕಿಕೊಂಡರು. ಕಥೆ ಕೇಳಲೇಬೇಕು ಅನ್ನಿಸಿದರೆ ಮೊದಲು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಬೇಕು, ಎರಡೂ ಕೈ ಬೆನ್ನ ಹಿಂದೆ ಕಟ್ಟಬೇಕು, ಆಮೇಲೆಯೇ "ಹೂಂ, ಹೇಳಿ."

ಸುಡುವುದೇನೋ ನಿಂತಿತು, ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಬರತೊಡಗಿತು. ಒಂದು ದಿನ ಬ್ಯಾಂಕಿನ ಸಾಹೇಬರು ಹಿಂದೆಯೇ ನಿಂತಿದ್ದಾರೆ. ಅಣ್ಣ ತಲೆ ಎತ್ತದೆ, "ಬ್ಯಾಂಕ್ ಸಾಹೇಬ್ರ ಅಂಗಿ. ಕಂಕುಳು ಹರಿದಿದೆ. ಹೋದ ವಾರಾನೂ ಹರಿದಿತ್ತು. ಬೆನ್ನು ತಗೊಂಡೆ," ಎನ್ನುತ್ತಾ ಬೆನ್ನು ತೀಡಿದರು. ಅಂದಿನಿಂದ ನಮ್ಮ ಬೀದಿಯಲ್ಲಿ ಹರುಕು, ಗುಂಡಿ ಹೊಲಿಯದೆ ಯಾರೂ ಬಟ್ಟೆ ಇಸ್ತ್ರಿಗೆ ಕೊಡುವುದಿಲ್ಲ.

ಹೆಡ್ಮಾಸ್ಟರು ನಿವೃತ್ತಿಯಾಗುವ ದಿನ ಬಂತು. ನಾಲ್ಕು ಗಂಟೆಗೆ ಸಭೆ. ಅವರ ಬಿಳಿ ರೇಷ್ಮೆ ಅಂಗಿ ಎರಡು ಗಂಟೆಗೆ ಅಣ್ಣನ ಮೇಜಿನ ಮೇಲೆ. ರೇಷ್ಮೆಯೆಂದರೆ ಕೆಂಡದ ಮುಂದೆ ಬೆಣ್ಣೆ. ಅಣ್ಣ ಅಂಗಿಯನ್ನು ಒಳಮೈ ಮೇಲಾಗಿ ಹಾಸಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ಉಸಿರು ಬಿಗಿಹಿಡಿದು ಶುರು ಮಾಡಿದರು. ಕ್ಷೌರದವರು ಅಂಗಡಿ ಬಿಟ್ಟು ಬಂದು ನಿಂತರು. ಪಕ್ಕದ ಮೇಜಿನಲ್ಲಿ ಅಕ್ಕ ಕ್ಷೌರದವರದೇ ಬಟ್ಟೆ ತೀಡುತ್ತಿದ್ದರು, ಗಿರಾಕಿಗಳ ಕೊರಳಿಗೆ ಕಟ್ಟುವ ಬಿಳಿ ಬಟ್ಟೆ. ಅಕ್ಕನ ಕಣ್ಣು ಮಾತ್ರ ತಮ್ಮನ ಪೆಟ್ಟಿಗೆಗೆ ಅಂಟಿಕೊಂಡಿತ್ತು.

"ಅಣ್ಣ, ಮಾವನ ಕಥೆ ಕೊನೇ ಭಾಗ ಹೇಳ್ಲೇ ಇಲ್ಲ," ಎಂದು ಕ್ಷೌರದವರು ಗಾಳ ಬಿಟ್ಟರು. "ಬಚ್ಚಲ ಬಾಗಿಲು ಒಡೆದಿದ್ದು ಯಾರು ಗೊತ್ತಾ?"

ಅಣ್ಣನ ಕಿವಿ ಕೆಂಪಾಯಿತು.

"ಕ್ಷೌರದವ್ರು ಕರೀತಿದ್ದಾರೆ. ಹೋಗಲ್ಲ. ಬಲ ತೋಳು ತಗೊಂಡೆ."

"ಮನೆಯವ್ರಂತೂ ಅಲ್ಲ."

"ಹೋಗಲ್ಲ. ಗುಂಡಿ ಪಟ್ಟಿ ತಗೊಂಡೆ. ಮೂರನೇ ಗುಂಡಿ ದಾಟಿದೆ."

ಅಕ್ಕ ಮುಂದಕ್ಕೆ ಬಾಗಿದರು. ತುಟಿ ಕಚ್ಚಿ ನಾಲ್ಕನೇ ಗುಂಡಿ ಎಣಿಸಿದರು. ಐದನೆಯದನ್ನೂ. ಆಗ ಅಣ್ಣನ ಸ್ವರ ಇದ್ದಕ್ಕಿದ್ದಂತೆ ಇಳಿಯಿತು.

"ಸುಟ್ಟ ವಾಸನೆ ಬರ್ತಿದೆ. ನನ್ನ ಪೆಟ್ಟಿಗೆ ಎತ್ತಿದೆ. ಅಂಗಿ ನೋಡಿದೆ. ಬೆಳ್ಳಗಿದೆ. ವಾಸನೆ ಇನ್ನೂ ಇದೆ." ಮೂಗನ್ನು ಪಕ್ಕದ ಮೇಜಿನ ಕಡೆ ತಿರುಗಿಸಿದರು. "ಅಕ್ಕಾ, ನಿನ್ನ ಪೆಟ್ಟಿಗೆ ಎಲ್ಲಿದೆ?"

ಅಕ್ಕನ ಪೆಟ್ಟಿಗೆ ಬಿಟ್ಟಲ್ಲೇ ಇತ್ತು. ಎತ್ತಿದಾಗ ಬಿಳಿ ಬಟ್ಟೆಯ ನಟ್ಟನಡುವೆ ಕಂದು ಬಣ್ಣದ ದೋಣಿಯೊಂದು ತೇಲುತ್ತಿತ್ತು.

ತಮ್ಮ ಬಟ್ಟೆಯೇ ಸುಟ್ಟಿದ್ದರೂ ಕ್ಷೌರದವರ ಮುಖದಲ್ಲಿ ಹಬ್ಬ. "ಮೂರನೇದು ಆಯ್ತಲ್ಲಕ್ಕ. ಈಗ ಯಾರ ಪೆಟ್ಟಿಗೆ ಯಾರು ತಗೋಬೇಕು?"

ಅಕ್ಕ ಪ್ಲಗ್ ಕಿತ್ತು ತಮ್ಮ ಪೆಟ್ಟಿಗೆಯನ್ನು ತಮ್ಮನ ಮೇಜಿನ ಮೇಲಿಟ್ಟರು. ಸ್ಟೂಲಿನ ಮೇಲೆ ಕೂತರು. ರಾಶಿಯಿಂದ ಒಂದು ಕರ್ಚೀಫು ಎಳೆದುಕೊಂಡರು.

"ಅರ್ಧ ಮಡಚಿದೆ," ಅಂದರು. "ಇನ್ನೊಂದು ಸಲ ಮಡಚಿದೆ."

ಅಣ್ಣ ರೇಷ್ಮೆ ಅಂಗಿ ಮುಗಿಸಿ, ಹ್ಯಾಂಗರಿಗೆ ಹಾಕಿ, ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಕೈ ಬೆನ್ನ ಹಿಂದೆ ಕಟ್ಟಿದರು. "ಹೂಂ, ಈಗ ಹೇಳಪ್ಪ. ಬಾಗಿಲು ಒಡೆದಿದ್ದು ಯಾರು?"

ಯಾರೆಂದು ನಾನು ಹೇಳುವುದಿಲ್ಲ, ಅದನ್ನು ಅಣ್ಣನ ಬಾಯಲ್ಲೇ ಕೇಳಬೇಕು. ಎದುರಿನ ಕ್ಷೌರದಂಗಡಿಗೆ ಹೋದರೆ ಆ ಕಂದು ದೋಣಿಯ ಬಟ್ಟೆಯನ್ನು ನಿಮ್ಮ ಎದೆಯ ಮೇಲೂ ಹೊದಿಸುತ್ತಾರೆ. ಈ ವಾರವೇ ಒಂದು ಅಂಗಿ ಹಿಡಿದು ಅಣ್ಣನ ಅಂಗಡಿಗೆ ಹೋಗಿ ಬನ್ನಿ. ಗುಂಡಿಯೆಲ್ಲ ಹೊಲಿದಿರಲಿ, ಮತ್ತೆ ಪೆಟ್ಟಿಗೆ ನೆಟ್ಟಗೆ ನಿಲ್ಲುವ ತನಕ ಬಾಯಿ ಬಿಡಬೇಡಿ.