ಮಗಳ ಸಿನಿಮಾದಲ್ಲಿ ನಾನು ಸತ್ತೆ

ಗೆಳೆಯರೇ, ಇದನ್ನು ಬರೆಯದೆ ಬಿಡುವುದರಲ್ಲಿದ್ದೆ. ಏಳು ವರ್ಷದ ಮಗಳ ಮೇಲೆ ಇಷ್ಟು ಸಿಟ್ಟೇ ಎಂದು ನನ್ನನ್ನೇ ಕೇಳಿಕೊಂಡೆ. ಸಿಟ್ಟು ಅವಳ ಮೇಲಲ್ಲ.

ಇವತ್ತು ಸ್ವೀಡನ್ನಿನ ಸೊಲ್ಲೆಂಟುನಾದ ನಮ್ಮ ಮನೆಗೆ ಗಂಡನ ಸ್ನೇಹಿತ ರಘು ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಹರಟೆಗೆ, ಬಂದಿದ್ದ. ಕಾಫಿ ಕುಡಿಯುತ್ತಿದ್ದ ನಮಗೆಲ್ಲ ಮಗಳು ನಿಧಿ ತಾನೇ ಕಟ್ಟಿದ ಕಾರ್ಟೂನ್ ಸಿನಿಮಾದ ಕಥೆ ಹೇಳಿದಳು. ಹುಡುಗಿಯೊಬ್ಬಳು ಅಪ್ಪನ ಜೊತೆ ದೋಣಿಯಲ್ಲಿ ದ್ವೀಪಕ್ಕೆ ಹೋಗುತ್ತಾಳೆ.

"ಅಮ್ಮ ಎಲ್ಲಿ ಪುಟ್ಟಾ?" ಎಂದು ಕೇಳಿದೆ.

"ಶೀ ಈಸ್ ಡೆಡ್. ಫಿಲ್ಮಲ್ಲಿ ಆಲ್ವೇಸ್ ಹಾಗೇ ಅಲ್ವಾ ಅಮ್ಮಾ?"

ರಘು ಜೋರಾಗಿ ನಕ್ಕ. "ಮತ್ತೇನ್ರೀ, ಅಮ್ಮ ಬದುಕಿದ್ರೆ ಸ್ವೆಟರ್ ಹಾಕ್ಕೋ, ದೂರ ಹೋಗ್ಬೇಡ ಅಂತಾಳೆ. ಕಥೆ ಅಲ್ಲೇ ಖತಂ!" ಗಂಡನೂ ನಕ್ಕ.

ಮೈಯೆಲ್ಲ ಉರಿಯಿತು. ಮಕ್ಕಳ ಸಾಹಸ ಶುರುವಾಗಲು ನಾವು ಸಾಯಲೇಬೇಕೇ? ಕಳೆದ ಬೇಸಿಗೆಯಲ್ಲಿ ಇವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹುಟ್ಟು ಹಾಕಿದ್ದು ನಾನು. ನೀರಿಗೆ ಹೆದರಿ ದಡದಲ್ಲೇ ಕೂತಿದ್ದು ಈ ಇಬ್ಬರು ಗಂಡಸರು.

"ದೋಣಿ ಯಾರು ನಡೆಸ್ತಾರೆ?" ಎಂದೆ.

"ಅಪ್ಪ."

"ಅಪ್ಪಂಗೆ ಬರಲ್ವಲ್ಲೇ?"

"ಸಿನಿಮಾದಲ್ಲಿ ಬರತ್ತೆ."

ಸ್ವಲ್ಪ ಹೊತ್ತಿಗೆ ಗಂಡ ಇನ್ನೊಂದು ಸುತ್ತು ಕಾಫಿ ಸಿಗುತ್ತದೆಯೇ ಎಂದು ಕೇಳಿದ. ಸತ್ತವರು ಕಾಫಿ ಮಾಡುವುದಿಲ್ಲ ಎಂದು ಹೇಳಿ ಎದ್ದು ಬಂದು ಇದನ್ನು ಬರೆದೆ.

ಮೇ ತಿಂಗಳ ಕೊನೆಯ ಭಾನುವಾರ. ಇಲ್ಲಿ ಇವತ್ತು ಅಮ್ಮಂದಿರ ದಿನ.